ತಾಯಂದಿರ ಸೀರೆ ಮೊದಲು ತೆಗೆಯಿರಿ

ನಮ್ಮ ಉಡುಪಿ, ಮಂಗಳೂರಿನ ಕಡೆ ಮದುವೆಯ ಜವಳಿ ತೆಗೆಯುವುದಕ್ಕೆ ಯಾರೂ ಬರೆದಿಡದ ಒಂದು ಕ್ರಮವಿದೆ. ಮೊದಲು ಮದುಮಗಳ ಧಾರೆ ಸೀರೆ, ಬಳಿಕ ಆರತಕ್ಷತೆಯ ಉಡುಪು, ಅದಾದ ಮೇಲೆ ಮದುಮಗನ ಪಂಚೆ, ಶಲ್ಯ, ಶೇರ್ವಾನಿ, ಅನಂತರ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರಿಗೆ ಕೊಡಬೇಕಾದ ಉಡುಗೊರೆ ಸೀರೆಗಳ ದೊಡ್ಡ ಕಟ್ಟು. ಇಷ್ಟೆಲ್ಲ ಆಗುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ, ಜೊತೆಗೆ ಬಂದ ಮಕ್ಕಳು ಹಟ ಹಿಡಿದಿರುತ್ತಾರೆ, ಲೆಕ್ಕ ಹಾಕುವವರ ಮುಖ ಗಂಭೀರವಾಗಿರುತ್ತದೆ. ಆಗ ಯಾರೋ ಒಬ್ಬರು ‘ಅಮ್ಮನಿಗೊಂದು ಆಗಬೇಕಲ್ಲ’ ಎನ್ನುತ್ತಾರೆ. ಅಮ್ಮನಾದವಳು ಬೆಲೆಯ ಚೀಟಿಯನ್ನು ಮೊದಲು ನೋಡಿ, ಸೀರೆಯನ್ನು ಆಮೇಲೆ ನೋಡಿ, ‘ನನಗೆ ಇದು ಧಾರಾಳವಾಯಿತು’ ಎಂದು ಕೈಗೆ ಸಿಕ್ಕಿದ್ದನ್ನು ಒಪ್ಪಿಕೊಂಡುಬಿಡುತ್ತಾಳೆ.

ಎಪ್ರಿಲ್ ಕೊನೆಯಲ್ಲಿ ನನ್ನ ತಮ್ಮನ ಮದುವೆ ನಡೆಯಿತು. ನಮ್ಮದು ಉಡುಪಿ, ಹೆಣ್ಣಿನ ಮನೆ ಮಂಗಳೂರು. ಈ ಮದುವೆಯಲ್ಲಿ ನಾನು ಹಟ ಹಿಡಿದು ಮೇಲಿನ ಕ್ರಮವನ್ನು ತಲೆಕೆಳಗು ಮಾಡಿಸಿದೆ: ಇಬ್ಬರು ತಾಯಂದಿರ ಸೀರೆ ಮೊದಲು, ಉಳಿದದ್ದೆಲ್ಲ ಆಮೇಲೆ. ಮದುಮಗಳು ಮಂಟಪದಲ್ಲಿ ಕುಳಿತಿರುವಾಗ ಅವಳ ಸೆರಗು, ನೆರಿಗೆ ನೋಡಿಕೊಳ್ಳಲು ಸುತ್ತ ನಾಲ್ಕು ಜನ ಇರುತ್ತಾರೆ. ತಾಯಿಗೆ ಆ ಸೌಕರ್ಯವಿಲ್ಲ. ಅಂದು ಎಲ್ಲರಿಗಿಂತ ಹೆಚ್ಚು ನಡೆಯುವವಳು, ಬಾಗುವವಳು, ಏಳುವವಳು, ಕೂರುವವಳು ಅವಳೇ. ಆದ್ದರಿಂದ ಅವಳ ಸೀರೆಯನ್ನು ಕನ್ನಡಿಯ ಮುಂದೆ ಹೆಗಲಿಗೆ ಹಾಕಿ ನೋಡಿದರೆ ಸಾಲದು. ಆ ದಿನ ಅವಳು ಮಾಡಬೇಕಾದ ಕೆಲಸಗಳ ಮುಂದೆ ಹಿಡಿದು ನೋಡಬೇಕು.

ಹೆಣ್ಣಿನ ತಾಯಿಯ ದಿನವನ್ನೇ ತೆಗೆದುಕೊಳ್ಳಿ. ದಿಬ್ಬಣ ಬರುವ ಹೊತ್ತಿಗೆ ಅವಳು ಸಭಾಭವನದ ಬಾಗಿಲಲ್ಲಿ ಆರತಿಯ ತಟ್ಟೆ ಹಿಡಿದು ನಿಂತಿರಬೇಕು. ನಮ್ಮಲ್ಲಿ ಬಹಳಷ್ಟು ಆಮಂತ್ರಣ ಪತ್ರಿಕೆಗಳಲ್ಲಿ ಮುಹೂರ್ತ ಮಧ್ಯಾಹ್ನ 12 ಗಂಟೆಯ ಆಸುಪಾಸಿನ ಅಭಿಜಿನ್ ಲಗ್ನ. ಅಂದರೆ ನಸುಕಿನಲ್ಲಿ ಉಟ್ಟ ಸೀರೆಯಲ್ಲಿ ಅರ್ಧ ದಿನ ಕಳೆದ ಮೇಲೆಯೇ ಅವಳ ಮುಖ್ಯ ಕರ್ತವ್ಯ ಆರಂಭವಾಗುತ್ತದೆ. ಧಾರೆಯ ಕ್ರಮ ಮನೆತನದಿಂದ ಮನೆತನಕ್ಕೆ ಬೇರೆಯಾದರೂ ಗಿಂಡಿಯ ನೀರು ಮದುಮಕ್ಕಳ ಜೋಡಿಸಿದ ಕೈಗಳ ಮೇಲೆ ಬೀಳಬೇಕಾದಾಗ ತಾಯಿ ಮುಂದಕ್ಕೆ ಬಾಗಲೇಬೇಕು, ಬಾಗಿದಾಗ ಸೆರಗು ಜಾರಿ ಕೆಳಗಿನ ಹರಿವಾಣದ ಕಡೆಗೇ ಹೋಗುತ್ತದೆ. ಒದ್ದೆಯಾದ ರೇಷ್ಮೆಯ ಮೇಲೆ ನೀರಿನ ಗುರುತು ಉಳಿಯುತ್ತದೆ. ತಿಳಿ ಬಣ್ಣದ, ಜರಿಯಿಲ್ಲದ ಒಡಲಿನಲ್ಲಿ ಅದು ಎದ್ದು ಕಾಣುತ್ತದೆ, ಚಿಕ್ಕ ಬುಟ್ಟಾಗಳಿರುವ ಗಾಢ ಬಣ್ಣದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹೋಮವಿರುವ ಮದುವೆಯಾದರೆ ತುಪ್ಪದ ಹನಿ, ಹೊಗೆ, ಕಿಡಿ ಬೇರೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಸಲಿ ರೇಷ್ಮೆ ಬೆಂಕಿಗೆ ತಾಗಿದರೆ ನಿಧಾನವಾಗಿ ಸುಟ್ಟು ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನೋಡಲು ರೇಷ್ಮೆಯಂತೆಯೇ ಇರುವ ಅಗ್ಗದ ಸೀರೆಯನ್ನು ಬೇರೆ ಯಾವ ಸಮಾರಂಭಕ್ಕೆ ಉಟ್ಟರೂ ನನ್ನ ತಕರಾರಿಲ್ಲ, ಹೋಮಕುಂಡದ ಪಕ್ಕದಲ್ಲಿ ಮಾತ್ರ ಬೇಡ.

ಗಂಡಿನ ತಾಯಿಯ ಕಷ್ಟ ಬೇರೆ ಬಗೆಯದು. ಧಾರೆ ಎರೆಯುವ ಹೊಣೆ ಅವಳಿಗಿಲ್ಲ, ಆದರೆ ಅವಳು ಸೀರೆಯುಟ್ಟು ಪ್ರಯಾಣ ಮಾಡಬೇಕು. ಉಡುಪಿಯಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 55 ಕಿಲೋಮೀಟರ್. ದಿಬ್ಬಣದ ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚು ಕುಳಿತು ಇಳಿದಾಗ ಸೀರೆಯ ಹಿಂಭಾಗ ಸುಕ್ಕಾಗಿರುತ್ತದೆ, ಇಳಿದ ಕ್ಷಣದಿಂದಲೇ ವಿಡಿಯೊ ತೆಗೆಯುವವರ ದೀಪ ಎದುರಿಗಿರುತ್ತದೆ. ಊಟದ ಬಳಿಕ ಹೆಣ್ಣಿನ ತಾಯಿಗೆ ಒಂದಿಷ್ಟು ಕುಳಿತುಕೊಳ್ಳುವ ಅವಕಾಶ ಸಿಗಬಹುದು, ಗಂಡಿನ ತಾಯಿಗೆ ಆಗಲೂ ಇಲ್ಲ; ಅದೇ ಸೀರೆಯಲ್ಲಿ ಹಿಂದಿರುಗಿ, ಮದುಮಗಳನ್ನು ಮನೆ ತುಂಬಿಸಿಕೊಂಡು, ಮನೆಗೆ ಬಂದ ನೆಂಟರಿಗೆಲ್ಲ ಚಹಾ ಕೊಟ್ಟು ಮುಗಿಯುವಾಗ ರಾತ್ರಿಯಾಗುತ್ತದೆ.

ಹೀಗೆ ನೋಡಿದಾಗ ಇಬ್ಬರಿಗೂ ಒಂದೇ ಬಗೆಯ ಸೀರೆ ಹೊಂದುವುದಿಲ್ಲವೆಂಬುದು ಸ್ಪಷ್ಟವಾಯಿತು. ನನ್ನ ಅಮ್ಮನಿಗೆ ನಾವು ಮೈಸೂರು ರೇಷ್ಮೆಯನ್ನು ಆರಿಸಿದೆವು. ಅದು ಹುರಿಗೊಳಿಸಿದ ನೂಲಿನ ಕ್ರೇಪ್ ನೇಯ್ಗೆಯಾದ್ದರಿಂದ ಮೈಗೆ ಅಂಟಿದಂತೆ ಇಳಿಯುತ್ತದೆ, ಕುಳಿತು ಎದ್ದರೆ ಸುಕ್ಕು ಬೇಗ ಬಿಡುತ್ತದೆ, ಕಾಂಚೀಪುರದ ಸೀರೆಯಷ್ಟು ಭಾರವೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯನ್ನು ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ. ಅಲ್ಲಿನ ಜರಿಯಲ್ಲಿ ಶೇಕಡಾ 65ರಷ್ಟು ಬೆಳ್ಳಿ, 0.65ರಷ್ಟು ಚಿನ್ನ ಇರುತ್ತದೆ, ಪ್ರತಿ ಸೀರೆಗೂ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಅದರ ವಿನ್ಯಾಸಗಳು ಸಪ್ಪೆ ಎಂದು ಕೆಲವರು ಹೇಳುತ್ತಾರೆ. ನನಗೆ ಆ ಸಪ್ಪೆತನವೇ ಇಷ್ಟ. ಆಭರಣವನ್ನು ಸೀರೆ ನುಂಗುವುದಿಲ್ಲ.

ಹೆಣ್ಣಿನ ತಾಯಿಯವರು ಕಾಂಚೀಪುರದ ಸೀರೆಯೇ ಬೇಕೆಂದರು, ಅವರ ಕಾರಣವೂ ಸರಿಯಾಗಿತ್ತು. ಒಮ್ಮೆ ನೆರಿಗೆ ಹಿಡಿದು ಪಿನ್ ಹಾಕಿದರೆ ಅದು ಸಂಜೆಯವರೆಗೆ ಕದಲುವುದಿಲ್ಲ. ಧಾರೆಗೆ ಬಾಗುವಾಗ ಜಾರುವ ಕ್ರೇಪಿಗಿಂತ ನಿಲ್ಲುವ ರೇಷ್ಮೆ ಮೇಲು. ಆದರೆ ಅಲ್ಲಿ ಭಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಗಲ ಅಂಚು, ತುಂಬಿದ ಸೆರಗು, ಒಡಲಿಡೀ ಜರಿ ಇರುವ ಕಾಂಚೀಪುರ ಸೀರೆ ಒಂದು ಕಿಲೋ ಆಚೀಚೆ ತೂಗುತ್ತದೆ, ಆ ತೂಕವೆಲ್ಲ ಎಡಹೆಗಲಿನ ಮೇಲೆ ಮತ್ತು ಸೊಂಟದ ಮೇಲೆ. ಅರುವತ್ತರ ಹತ್ತಿರದ, ಮೊಣಕಾಲು ನೋವಿರುವ ಹೆಂಗಸಿಗೆ ಎಪ್ರಿಲ್ ಕೊನೆಯ ಸೆಕೆಯಲ್ಲಿ ಅದು ಶಿಕ್ಷೆ. ಅವರು ಸಣ್ಣ ಅಂಚಿನ, ಅಂಗೈಯಗಲಕ್ಕಿಂತ ಕಡಿಮೆ ಜರಿಯ ಸೀರೆಯನ್ನು ತೆಗೆದುಕೊಂಡರು. ಅಂಗಡಿಯ ಹುಡುಗ ಮೂರು ಲಾಳಿಗಳಿಂದ ಅಂಚನ್ನೂ ಒಡಲನ್ನೂ ಬೇರೆಬೇರೆ ಬಣ್ಣದಲ್ಲಿ ನೇಯ್ದು ಜೋಡಿಸುವ ಕೊರ್ವೈ ನೇಯ್ಗೆಯ ಸೀರೆಯನ್ನು ತಿರುಗಿಸಿ ತೋರಿಸಿದ. ಅಂಚು ಕೂಡುವಲ್ಲಿ ನೂಲು ಹೆಣೆದುಕೊಂಡಿರುವುದು ಹಿಂಬದಿಯಿಂದ ಚೆನ್ನಾಗಿ ಕಾಣುತ್ತದೆ, ಸೀರೆ ಕೊಳ್ಳುವಾಗ ಎಲ್ಲರೂ ಒಮ್ಮೆ ಹಿಂಬದಿ ನೋಡುವುದು ಒಳ್ಳೆಯದು. ರೇಷ್ಮೆ ಅಸಲಿಯೇ ಎಂಬ ಸಂದೇಹಕ್ಕೆ ಕೇಂದ್ರ ರೇಷ್ಮೆ ಮಂಡಳಿಯ ಪ್ರಾಯೋಜಕತ್ವದಲ್ಲಿ 2004ರಿಂದ ಇರುವ ಸಿಲ್ಕ್ ಮಾರ್ಕ್ ಚೀಟಿ ಉತ್ತರ ಕೊಡುತ್ತದೆ. ಚೀಟಿ ಇಲ್ಲದಿದ್ದರೆ ಸೆರಗಿನ ತುದಿಯ ಒಂದೆರಡು ಎಳೆ ಕಿತ್ತು ಸುಟ್ಟು ನೋಡಲು ಒಪ್ಪುವ ಅಂಗಡಿಗೇ ಹೋಗಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಗಟ್ಟಿ ಮಣಿಯಾಗಿ ಕರಗಿದರೆ ಅಲ್ಲ.

ಇನ್ನೊಂದು ಸಣ್ಣ ಸಂಗತಿಯಿದೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ರವಿಕೆಯ ತುಂಡು ಬಿಟ್ಟರೆ ಸೀರೆಯ ಉದ್ದ ಸಾಮಾನ್ಯವಾಗಿ ಐದೂವರೆ ಮೀಟರ್. ಮೈಕೈ ತುಂಬಿಕೊಂಡಿರುವ ತಾಯಿಗೆ ಅಷ್ಟರಲ್ಲಿ ನೆರಿಗೆ ಕಡಿಮೆಯಾಗಿ ಹೆಜ್ಜೆ ಹಾಕುವಾಗ ಸೀರೆ ಬಿಗಿಯುತ್ತದೆ. ಅಂಥವರು ಸೀರೆಯ ಜೊತೆ ಬಂದ ರವಿಕೆಯ ತುಂಡನ್ನು ಕತ್ತರಿಸದೆ ಹಾಗೆಯೇ ಒಳಸುತ್ತಿಗೆ ಬಿಟ್ಟು, ರವಿಕೆಗೆ ಬೇರೆ ಬಟ್ಟೆ ತೆಗೆದರೆ ಮುಕ್ಕಾಲು ಮೀಟರಿನಷ್ಟು ಹೆಚ್ಚು ಸಿಗುತ್ತದೆ, ಎರಡು ಮೂರು ನೆರಿಗೆ ಧಾರಾಳವಾಗಿ ಬರುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ, ಈಗ ಸಮಾರಂಭ ನಡೆಸಿಕೊಡುವವರು ಇಬ್ಬರು ತಾಯಂದಿರಿಗೂ ಒಂದೇ ಬಣ್ಣದ, ಒಂದೇ ಅಂಚಿನ ಸೀರೆ ಸೂಚಿಸುವ ರೂಢಿ ಬಂದಿದೆ. ಚಿತ್ರದಲ್ಲಿ ಚೆಂದ ಕಾಣುತ್ತದೆ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಬ್ಬರ ಮೈಬಣ್ಣ, ಎತ್ತರ, ಉಡುವ ಅಭ್ಯಾಸ ಬೇರೆಯಾಗಿರುವಾಗ ಒಂದೇ ಸೀರೆ ಒಬ್ಬರಿಗೆ ಒಪ್ಪಿ ಇನ್ನೊಬ್ಬರಿಗೆ ಒಪ್ಪದೆ ಹೋಗುತ್ತದೆ, ಸಭೆಯಲ್ಲಿ ಹೋಲಿಕೆಯ ಮಾತು ಹುಟ್ಟುವುದಕ್ಕೆ ಅಷ್ಟು ಸಾಕು. ಆದರೆ ಪರಸ್ಪರ ತಿಳಿಸದೆ ತೆಗೆದು, ಧಾರೆಯ ದಿನ ಇಬ್ಬರೂ ಒಂದೇ ಕೆಂಪಿನಲ್ಲಿ ಎದುರಾಗುವುದೂ ಮುಜುಗರವೇ. ಪರಿಹಾರ ಸರಳವಾಗಿದೆ: ಅವರಿಬ್ಬರೇ ಮಾತಾಡಿಕೊಳ್ಳಲಿ, ನಡುವೆ ನಾವು ಬಾರದಿರೋಣ. ಅಮ್ಮ ಫೋನು ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಮಾತು ತುಳುವಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಹೀಗೆ.

‘ನೀವು ಯಾವ ಬಣ್ಣ ನೋಡಿದ್ದೀರಿ ಅಂತ ಗೊತ್ತಾದರೆ ನಾನು ಬೇರೆ ನೋಡುತ್ತಿದ್ದೆ.’

‘ಅಯ್ಯೋ, ಮೊದಲು ನಿಮ್ಮದಾಗಲಿ ಅಕ್ಕಾ. ಗಂಡಿನ ಕಡೆಯವರಲ್ಲವಾ ನೀವು.’

‘ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಸೀರೆಗೆ ಗೊತ್ತುಂಟಾ ಮಾರಾಯ್ರೆ? ಧಾರೆ ಎರೆಯುವುದು ನೀವು. ನಿಮ್ಮದೇ ಮೊದಲಾಗಲಿ.’

ಹೆಣ್ಣಿನ ತಾಯಿಯವರು ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನಿಂದ ಪ್ರಸಿದ್ಧವಾದ ಎಂ.ಎಸ್. ನೀಲಿಯನ್ನು ಬಹಳ ವರ್ಷಗಳಿಂದ ಆಸೆಪಟ್ಟಿದ್ದರಂತೆ. ಆ ನೀಲಿಗೇ ಕುಂಕುಮ ಬಣ್ಣದ ಅಂಚು ಸಿಕ್ಕಿತು. ಅಮ್ಮ ಈರುಳ್ಳಿ ಬಣ್ಣ ತೆಗೆದುಕೊಂಡರು. ಮದುಮಗಳದ್ದು ಕೆಂಪು ಧಾರೆ ಸೀರೆ ಎಂಬುದು ಇಬ್ಬರಿಗೂ ಗೊತ್ತಿದ್ದುದರಿಂದ ಆ ಕಡೆಗೆ ಇಬ್ಬರೂ ಹೋಗಲಿಲ್ಲ. ಎರಡು ಸೀರೆಗಳೂ ಒಂದಕ್ಕೊಂದು ಹೊಂದುತ್ತಿದ್ದವು, ಯಾರೂ ಹೊಂದಿಸಿದಂತೆ ಕಾಣುತ್ತಿರಲಿಲ್ಲ.

ಬಣ್ಣವನ್ನು ಅಂಗಡಿಯ ದೀಪದ ಕೆಳಗೆ ನಿರ್ಧರಿಸಬೇಡಿ, ಬಾಗಿಲ ಬಳಿಗೆ ಒಯ್ದು ಹಗಲು ಬೆಳಕಿನಲ್ಲಿ ನೋಡಿ ಎಂಬುದು ಹಳೆಯ ಬುದ್ಧಿಮಾತು, ಈಗಲೂ ನಿಜ. ಅದರ ಜೊತೆಗೆ ಸಭಾಭವನದ ವೇದಿಕೆಯ ಅಲಂಕಾರವನ್ನೂ ಕೇಳಿಕೊಳ್ಳಬೇಕು. ಹಿನ್ನೆಲೆ ತುಂಬ ಗೊಂಡೆ ಹೂವಿದ್ದರೆ ಕಿತ್ತಳೆ ಮತ್ತು ಹಳದಿ ಸೀರೆ ಅದರಲ್ಲೇ ಕರಗಿಹೋಗುತ್ತದೆ. ಮೈಯೆಲ್ಲ ಜರಿಯಿರುವ ಟಿಶ್ಯೂ ಸೀರೆ ವೇದಿಕೆಯ ಬಿಳಿ ದೀಪಕ್ಕೆ ಹೊಳೆದು ಮುಖವನ್ನು ಮಂಕಾಗಿಸುತ್ತದೆ. ಕಾರಿನಲ್ಲಿ ಕುಳಿತರೆ ಬಿದ್ದ ಮಡಿಕೆ ಇಡೀ ದಿನ ಹೋಗುವುದೂ ಇಲ್ಲ.

ಮುಹೂರ್ತದ ಸೀರೆಯ ಬಗ್ಗೆಯೇ ಇಷ್ಟು ಹೇಳಿದೆ. ಮದರಂಗಿಯ ಸಂಜೆಗೆ ತಾಯಂದಿರು ಏನು ಉಡಬೇಕೆಂಬುದಕ್ಕೆ ನನ್ನ ಬಳಿ ಒಂದೇ ಉತ್ತರವಿದೆ, ಅದು ನಮ್ಮೂರಿನ ಉಡುಪಿ ಸೀರೆ. ಅಂದು ತಾಯಂದಿರು ಮನೆಯಲ್ಲೇ ಇರುತ್ತಾರೆ, ಅಡುಗೆಯವರ ಜೊತೆ ಮಾತಾಡುತ್ತಾರೆ, ತೆಂಗಿನಕಾಯಿ ಎಣಿಸುತ್ತಾರೆ, ಬಂದವರಿಗೆ ಬಡಿಸುತ್ತಾರೆ. ಹತ್ತಿಯ ಸೀರೆಗಿಂತ ತಕ್ಕದ್ದು ಬೇರೆ ಯಾವುದಿದೆ? ತೆಳುವಾದ ಹತ್ತಿನೂಲಿನ ಒಡಲು, ಎದುರು ಬಣ್ಣದ ಸರಳ ಅಂಚು, ಕಣ್ಣಿಗೆ ತಂಪಾದ ಬಣ್ಣಗಳು. ಈ ಕರಾವಳಿಯ ಬೆವರನ್ನು ಬಲ್ಲ ನೇಕಾರರು ನೇಯ್ದ ಸೀರೆಯಾದ್ದರಿಂದ ಅದು ಇಲ್ಲಿಯ ಸೆಕೆಗೆ ಒಗ್ಗುತ್ತದೆ. ಇಲ್ಲಿಯ ನೇಯ್ಗೆಗೆ ಹಳೆಯ ಇತಿಹಾಸವೂ ಇದೆ: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮುಂದೆ ಅಲ್ಲಿನ ಬಲ್ಮಠದಲ್ಲಿ ನೇಯ್ಗೆ ಕಾರ್ಖಾನೆ ತೆರೆದು ಹೊಸ ಬಗೆಯ ಮಗ್ಗಗಳನ್ನು ತಂದರು. ಅಲ್ಲಿದ್ದ ಜಾನ್ ಹಾಲರ್ ಖಾಕಿ ಬಣ್ಣವನ್ನು ಸಿದ್ಧಪಡಿಸಿದ್ದು ಜಿಲ್ಲೆಯ ಜನ ಇಂದಿಗೂ ಹೆಮ್ಮೆಯಿಂದ ಹೇಳುವ ಸಂಗತಿ. (ಮದುವೆಗೆ ಖಾಕಿ ಸೀರೆ ಕೇಳಿದ ತಾಯಿಯನ್ನು ನಾನಿನ್ನೂ ಕಂಡಿಲ್ಲ.) ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಆದರೆ ಆ ಹೊತ್ತಿಗಾಗಲೇ ಮಗ್ಗಗಳು ಬಹುಪಾಲು ನಿಂತಿದ್ದವು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘ ಮತ್ತು ಅದರ ಬೆನ್ನಿಗೆ ನಿಂತ ಕಾರ್ಕಳದ ಕದಿಕೆ ಟ್ರಸ್ಟಿನ ಪ್ರಯತ್ನದಿಂದ ಕೆಲಸ ಬಿಟ್ಟು ಮನೆ ಸೇರಿದ್ದ ಕೆಲವು ನೇಕಾರರು ಮತ್ತೆ ಮಗ್ಗಕ್ಕೆ ಬಂದಿದ್ದಾರೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಬಣ್ಣ ಹಾಕಿದ ಸೀರೆಗಳೂ ಇವೆ. ಕೈಮಗ್ಗದ ಸೀರೆ ಒಂದೇ ದಿನದಲ್ಲಿ ಇಳಿಯುವುದಿಲ್ಲ, ಆದ್ದರಿಂದ ಬೇಕಾದ ಬಣ್ಣ ಹೇಳಿ ಮಾಡಿಸುವುದಿದ್ದರೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮೊದಲೇ ಹೇಳಿಬಿಡಬೇಕು. ನಾವು ಇಬ್ಬರಿಗೂ ಅದನ್ನೇ ತೆಗೆದೆವು. ಬೀಗಿತ್ತಿಗೆ ಕೊಡುವ ಉಡುಗೊರೆಯ ಸೀರೆಯೂ ಅದೇ ಆಯಿತು, ಕಪಾಟಿನಲ್ಲಿ ಮಲಗುವ ಇನ್ನೊಂದು ರೇಷ್ಮೆ ಸೀರೆಯ ಖರ್ಚು ಉಳಿಯಿತು.

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಮದುವೆಯ ಮುನ್ನಾದಿನ ರೋಸ್ ಇರುತ್ತದೆ. ತೆಂಗಿನೆಣ್ಣೆ, ತೆಂಗಿನಹಾಲು ಹಚ್ಚುವ ಆ ಕಾರ್ಯಕ್ಕೆ ತಾಯಿ ಬೆಲೆಬಾಳುವ ಸೀರೆ ಉಟ್ಟರೆ ಮಗಳ ತಲೆಗೆ ಧಾರಾಳವಾಗಿ ಹಾಲು ಸುರಿಯಲು ಅವಳಿಗೇ ಅಂಜಿಕೆಯಾಗುತ್ತದೆ ಎಂದು ನನ್ನ ಗೆಳತಿ ನಗುತ್ತಿದ್ದಳು. ಅಲ್ಲಿಗೂ ಹತ್ತಿಯೇ ಸೈ.

ಪತಿಯನ್ನು ಕಳೆದುಕೊಂಡ ತಾಯಂದಿರ ಸೀರೆಯ ಬಗ್ಗೆ ಜವಳಿ ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದು ಇರುತ್ತದೆ. ಅವಳೇ ಮುಂದಾಗಿ ಬೂದು ಬಣ್ಣದ್ದನ್ನೋ ಮಾಸಲು ಕಂದಿನದ್ದನ್ನೋ ಎತ್ತಿಕೊಂಡು, ‘ನಾನು ಹಿಂದೆ ಕುಳಿತಿರುತ್ತೇನೆ’ ಎನ್ನುತ್ತಾಳೆ. ನನ್ನ ದೊಡ್ಡಮ್ಮ ಹಾಗೆ ಆರಿಸಿದ ಸೀರೆಯನ್ನು ಅವರ ಮಗಳು ಮೇಜಿನ ಮೇಲಿನಿಂದ ತೆಗೆದು ಬದಿಗಿಟ್ಟು, ಹಸಿರು ಒಡಲಿಗೆ ಅರಸಿನ ಅಂಚಿನ ಸೀರೆಯನ್ನು ತಾಯಿಯ ಹೆಗಲಿಗೆ ಹಾಕಿ, ‘ಇದನ್ನು ಉಡದಿದ್ದರೆ ನಾನು ಮಂಟಪಕ್ಕೆ ಬರುವುದಿಲ್ಲ’ ಎಂದಳು. ದೊಡ್ಡಮ್ಮ ಅದನ್ನೇ ಉಟ್ಟರು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕಿಯರಾಗಿ ದೇವರ ಪೂಜೆಗೆ ನೇಮಕಗೊಂಡರು. ದೇವರ ಗುಡಿಯೊಳಗೆ ಆಗದ ಅಮಂಗಲ ಸಭಾಭವನದಲ್ಲಿ ಆಗುತ್ತದೆಯೇ? ಹಾಗೆಂದು ಬಣ್ಣ ಬೇಡವೆನ್ನುವ ತಾಯಿಯ ಮೇಲೆ ಬಣ್ಣ ಹೇರುವುದೂ ಸಲ್ಲದು. ಅವಳು ಬೇಡವೆನ್ನುವುದು ತನ್ನ ಇಷ್ಟದಿಂದಲೋ ಜನರ ಅಂಜಿಕೆಯಿಂದಲೋ ಎಂಬುದನ್ನು ಮನೆಯಲ್ಲಿ, ಅಂಗಡಿಗೆ ಹೊರಡುವ ಮೊದಲೇ, ಸಮಾಧಾನದಿಂದ ಕೇಳಬೇಕು.

ಸೀರೆ ಬೇಗ ತೆಗೆಯಬೇಕೆನ್ನುವುದಕ್ಕೆ ರವಿಕೆಯೂ ಒಂದು ಕಾರಣ. ಮದುವೆ ಕಾಲದಲ್ಲಿ ನಮ್ಮೂರಿನ ಯಾವ ಒಳ್ಳೆಯ ಟೈಲರ್ ಆದರೂ ಮದುಮಗಳ ಆರಿ ಕಸೂತಿಯ ರವಿಕೆಗೆ ಮೊದಲ ಮಣೆ ಹಾಕುತ್ತಾರೆ, ತಾಯಿಯ ರವಿಕೆ ಹಿಂದಿನ ದಿನ ಸಂಜೆ ಕೈಗೆ ಬರುತ್ತದೆ, ಸರಿಪಡಿಸಲು ಹೊತ್ತಿರುವುದಿಲ್ಲ. ಹೊಸ ಅಳತೆ ಕೊಡುವ ಬದಲು ಚೆನ್ನಾಗಿ ಕೂರುವ ಹಳೆಯ ರವಿಕೆಯನ್ನೇ ಅಳತೆಗೆ ಕೊಡುವುದು ವಾಸಿ. ಲೈನಿಂಗ್ ಹತ್ತಿಯದ್ದೇ ಇರಲಿ. ಹೊಳೆಯುವ ಒಳಬಟ್ಟೆ ಬೆವರು ಹೀರುವುದಿಲ್ಲ, ಕಂಕುಳಲ್ಲಿ ಕಲೆ ಬೀಳುತ್ತದೆ. ತೋಳು ಮೊಣಕೈವರೆಗೆ ಬೇಕೆನ್ನುವವರು ಆರತಿ ಎತ್ತುವಂತೆ ಕೈಯನ್ನು ಎತ್ತಿ ನೋಡಿಯೇ ಒಪ್ಪಿಕೊಳ್ಳಲಿ. ಸೆರಗಿನ ಕುಚ್ಚು, ಫಾಲ್, ಅಂಚು ಹೊಲಿಗೆಗೂ ಸಮಯ ಬೇಕು. ಫಾಲ್ ಹಾಕಿಸುವಾಗ ಆ ದಿನ ಮೆಟ್ಟುವ ಚಪ್ಪಲಿಯ ಎತ್ತರವನ್ನು ಮೊದಲೇ ಗೊತ್ತುಮಾಡಿಕೊಂಡರೆ ಸೀರೆ ನೆಲ ಗುಡಿಸುವುದಿಲ್ಲ.

ಮುಡಿಗೆ ಶಂಕರಪುರದ ಮಲ್ಲಿಗೆ ಇದ್ದೇ ಇರುತ್ತದೆ, ಅದಕ್ಕೆ ಹೊಂದದ ಸೀರೆಯಿಲ್ಲ. ಮದುವೆಗಳು ಒತ್ತೊತ್ತಾಗಿ ಬರುವ ದಿನಗಳಲ್ಲಿ ಅಟ್ಟೆಯ (ಮಲ್ಲಿಗೆ ಮಾರುವ ಕಟ್ಟಿನ) ದರ ಏರುವುದರಿಂದ ಹೂವಿನವರಿಗೆ ಮುಂಚಿತವಾಗಿ ಹೇಳಿಡಬೇಕು. ಆಭರಣದ ವಿಷಯದಲ್ಲಿ ನನ್ನ ಸಲಹೆ ಏನೂ ಇಲ್ಲ. ತಾಯಂದಿರು ಅದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಮದುವೆ ಮುಗಿದ ಮೇಲೆ ಸೀರೆಯನ್ನು ಅದು ಬಂದ ಪೆಟ್ಟಿಗೆಗೇ ಮಡಚಿ ತುಂಬಿಸುವುದು ಕರಾವಳಿಯಲ್ಲಿ ಅಪಾಯ. ಮೊದಲು ರಾತ್ರಿಯಿಡೀ ನೆರಳಿನಲ್ಲಿ ಹರವಿ ಬೆವರಿನ ತೇವ ಆರಿಸಬೇಕು. ತುಪ್ಪ, ಕುಂಕುಮ, ಅರಸಿನದ ಕಲೆಯನ್ನು ಮನೆಯಲ್ಲಿ ತಿಕ್ಕದೆ, ಯಾವ ಕಲೆ ಎಂದು ಚೀಟಿ ಬರೆದು ಡ್ರೈ ಕ್ಲೀನಿಂಗಿಗೆ ಕೊಡಬೇಕು. ತಡವಾದಷ್ಟೂ ಅದು ನೂಲಿಗೆ ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟ ರೇಷ್ಮೆಗೆ ಜೂನ್, ಜುಲೈ ತಿಂಗಳ ಮಳೆಯಲ್ಲಿ ಬೂಸಲು ಬರುತ್ತದೆ, ಜರಿ ಕಪ್ಪಾಗುತ್ತದೆ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆಯನ್ನು ಜರಿಗೆ ತಾಗಿಸದೆ, ಕಪಾಟಿನ ಮೇಲಿನ ಹಲಗೆಯಲ್ಲಿಡುವುದು ಒಳ್ಳೆಯದು. ತುಳುವರ ಮಳೆಗಾಲದ ಆಟಿ ತಿಂಗಳು ಕಳೆದು ಬಿಸಿಲು ಬಂದಾಗ ಹೊರತೆಗೆದು ಗಾಳಿಗೆ ಹಿಡಿದು, ಮೊದಲಿದ್ದ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆಯಿಂದ ಮಡಚಿಡಬೇಕು, ಇಲ್ಲದಿದ್ದರೆ ಅದೇ ಗೆರೆಯಲ್ಲಿ ರೇಷ್ಮೆ ಸೀಳುತ್ತದೆ. ಅಮ್ಮ ತಮ್ಮ ಈರುಳ್ಳಿ ಬಣ್ಣದ ಸೀರೆಗೆ ಈ ಶುಶ್ರೂಷೆಯೆಲ್ಲ ಬೇಡವೆಂದು, ಮದುವೆಯಾದ ತಿಂಗಳೊಳಗೆ ಇನ್ನೊಂದು ಮದುವೆಗೆ ಅದನ್ನೇ ಉಟ್ಟು ಹೋದರು.